ಖಾಲಿ ಗಾಜಿನ ಬಾಟ್ಲಿ ಮತ್ತೆ ತುಂಬುವ ಮೊದಲು ಏನಾಗುತ್ತದೆ?

ಸೋಡಾ, ತಂಪು ಪಾನೀಯ ಕುಡಿದು ಖಾಲಿ ಬಾಟ್ಲಿಯನ್ನು ಅಂಗಡಿಯ ಕ್ರೇಟ್‌ನಲ್ಲಿ ಇಟ್ಟು ಬರುವುದು ಕಾಸರಗೋಡು, ಮಂಗಳೂರು ಕಡೆಯವರಿಗೆ ಹಳೆಯ ರೂಢಿ. ಆ ಬಾಟ್ಲಿ ಫ್ಯಾಕ್ಟರಿಗೆ ವಾಪಸ್ ಹೋಗಿ, ಶುದ್ಧವಾಗಿ, ಮತ್ತೆ ತುಂಬಿ ಬರುತ್ತದೆ. ಗಾಜು ಪಾನೀಯವನ್ನು ಹೀರಿಕೊಳ್ಳುವುದಿಲ್ಲ, ಬಿಸಿಯನ್ನೂ ತಾಳುತ್ತದೆ. ಹೀಗಾಗಿ ಒಂದೇ ಬಾಟ್ಲಿ 20ಕ್ಕೂ ಹೆಚ್ಚು ಸಲ ಬಳಕೆಗೆ ಬರಬಹುದು.

ತೊಳೆಯುವ ಹಂತಗಳು

ಮೊದಲು ಒಡೆದ, ಬಾಯಿ ಮುಕ್ಕಾದ ಬಾಟ್ಲಿಗಳನ್ನು ಬೇರ್ಪಡಿಸುತ್ತಾರೆ. ಉಳಿದವು ಯಂತ್ರದೊಳಗೆ ಹೋಗಿ, ಬೆಚ್ಚಗಿನ ನೀರಿನಲ್ಲಿ ಒಮ್ಮೆ ಜಾಲಾಡಿಸಲ್ಪಡುತ್ತವೆ. ನಂತರ ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿಯ, ಶೇ. 1.5ರಿಂದ 3ರಷ್ಟು ಕಾಸ್ಟಿಕ್ ಸೋಡಾ ಬೆರೆತ ನೀರಿನಲ್ಲಿ ಕೆಲವು ನಿಮಿಷ ಮುಳುಗಿರುತ್ತವೆ. ಅಂಟಿದ ಸಕ್ಕರೆ, ಬೂಷ್ಟು, ಲೇಬಲ್ ಬಿಡುವುದು, ರೋಗಾಣು ಸಾಯುವುದು ಇಲ್ಲೇ.

ಆಮೇಲೆ ಒಳಗೂ ಹೊರಗೂ ಜೋರಾಗಿ ನೀರು ಚಿಮ್ಮಿಸಿ, ಹಂತ ಹಂತವಾಗಿ ತಣಿಸುತ್ತಾರೆ. ಬಿಸಿ ಬಾಟ್ಲಿಗೆ ಒಮ್ಮೆಲೇ ತಣ್ಣೀರು ಬಿದ್ದರೆ ಗಾಜು ಒಡೆಯುತ್ತದೆ. ಕೊನೆಯ ಜಾಲಾಟ ಕುಡಿಯುವ ನೀರಿನಲ್ಲೇ ಆಗಬೇಕು.

ಪರೀಕ್ಷೆ

ಕಾಸ್ಟಿಕ್ ಉಳಿದರೆ ಬಾಯಿ, ಗಂಟಲು ಸುಡುವ ಅಪಾಯವಿದೆ. ಅದಕ್ಕೆ ತೊಳೆದ ಬಾಟ್ಲಿಗಳಲ್ಲಿ ಕೆಲವನ್ನು ಆರಿಸಿ ಫಿನಾಲ್ಫ್ತಲೀನ್ ಹನಿ ಹಾಕುತ್ತಾರೆ. ಗುಲಾಬಿ ಬಣ್ಣ ಬಂದರೆ ಕ್ಷಾರ ಉಳಿದಿದೆ ಎಂದರ್ಥ. ಕಸ, ಗಾಜಿನ ಚೂರು, ಬಿರುಕು ಇದೆಯೇ ಎಂದು ಬೆಳಕಿನ ಮುಂದೆ ಕಣ್ಣಿನಿಂದ ನೋಡುತ್ತಾರೆ. ದೊಡ್ಡ ಫ್ಯಾಕ್ಟರಿಗಳಲ್ಲಿ ಈ ಕೆಲಸ ಕ್ಯಾಮೆರಾದ್ದು.

ಗೋಲಿ ಸೋಡಾ ಬಾಟ್ಲಿ

ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವಿದು. ಕುತ್ತಿಗೆ ಇಕ್ಕಟ್ಟು, ಒಳಗೆ ಗೋಲಿ, ಬಾಯಲ್ಲಿ ರಬ್ಬರ್ ಉಂಗುರ. ಬ್ರಷ್ ಸಲೀಸಾಗಿ ಹೋಗುವುದಿಲ್ಲ, ರಬ್ಬರ್ ಸಂದಿಯಲ್ಲಿ ಕೊಳೆ ಕೂರುತ್ತದೆ. ಹಾಗಾಗಿ ಸಣ್ಣ ಘಟಕಗಳು ಇದರ ಬಗ್ಗೆ ಹೆಚ್ಚು ಜಾಗ್ರತೆ ವಹಿಸಬೇಕು.

ಕೆಲಸಗಾರರ ಸುರಕ್ಷತೆ

ಕಾಸ್ಟಿಕ್ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕೈಗವಸು, ಕನ್ನಡಕ, ಬೂಟು ಬೇಕೇ ಬೇಕು. ಮೈಗೆ ತಾಗಿದರೆ ತಕ್ಷಣ ಧಾರಾಳ ನೀರಿನಲ್ಲಿ ತುಂಬಾ ಹೊತ್ತು ತೊಳೆದು ಡಾಕ್ಟರ್ ಬಳಿ ಹೋಗಬೇಕು. ಕಾಸ್ಟಿಕ್ ನೀರಿಗೆ ನೀರು ಹಾಕುವ ಬದಲು, ತಣ್ಣೀರಿಗೆ ಕಾಸ್ಟಿಕ್ ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಬಳಸಿದ ನೀರನ್ನು ಕ್ಷಾರ ತಗ್ಗಿಸದೆ ತೋಡಿಗೆ ಬಿಟ್ಟರೆ ಮೀನು, ಬಾವಿ ನೀರು ಎರಡಕ್ಕೂ ಹಾನಿ.

ಗ್ರಾಹಕರು ಮಾಡಬೇಕಾದ್ದು

ವಾಪಸ್ ಕೊಡಬೇಕಾದ ಬಾಟ್ಲಿಯಲ್ಲಿ ಸೀಮೆಎಣ್ಣೆ, ಪೇಂಟ್, ಕೀಟನಾಶಕ ತುಂಬಿಡಬಾರದು. ಎಣ್ಣೆಯ ಪೊರೆ, ವಾಸನೆ ಮಾಮೂಲಿ ತೊಳೆತಕ್ಕೆ ಬಿಡದೆ ಇರಬಹುದು. ಮನೆಯಲ್ಲಿ ಮಕ್ಕಳು ಅದನ್ನು ಶರಬತ್ತೆಂದು ಕುಡಿಯುವ ಅಪಾಯವೂ ಇದೆ. ಅಂಥ ಬಾಟ್ಲಿಯನ್ನು ಕ್ರೇಟ್‌ಗೆ ಹಾಕದೆ ಬೇರೆ ಇಡಬೇಕು.