ನುಡಿಯ ಹಿಂಸೆ ಮತ್ತು ಜನಕೋಪ: 2007ರ ಒಂದು ಪ್ರಕರಣದ ವಿಚಾರ

ಅಹಿಂಸೆಯೆಂದೊಡನೆ ನಮ್ಮ ಮನಸ್ಸು ಅಡಿಗೆಮನೆಯ ಕಡೆಗೆ ಹರಿಯುತ್ತದೆ. ನೀರನ್ನು ಸೋಸಿ ಕುಡಿಯುತ್ತೇವೆ, ಕಂದಮೂಲಗಳನ್ನು ವರ್ಜಿಸುತ್ತೇವೆ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುತ್ತೇವೆ. ಇವೆಲ್ಲವೂ ಶ್ರಾವಕನಿಗೆ ಭೂಷಣವೇ. ಆದರೆ ಬಾಯೊಳಗೆ ಹೋಗುವುದರ ಬಗ್ಗೆ ಇರುವಷ್ಟು ಎಚ್ಚರ ಬಾಯಿಂದ ಹೊರಡುವುದರ ಬಗ್ಗೆ ಇದೆಯೇ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾಗಿದೆ. ಮುನಿಗಳಿಗೆ ಭಾಷಾಸಮಿತಿ ಮತ್ತು ವಚನಗುಪ್ತಿಗಳನ್ನು ವಿಧಿಸಿದ ಆಚಾರ್ಯರು, ಗೃಹಸ್ಥನ ಸತ್ಯಾಣುವ್ರತದಲ್ಲಿಯೂ ಪರರನ್ನು ನೋಯಿಸುವ ನುಡಿಗೆ ಎಡೆಗೊಡಲಿಲ್ಲ. ನುಡಿಯೊಂದು ಎರಡು ದೇಶಗಳನ್ನು ಕಲಕಿದ, ಆ ನುಡಿಗೆ ಬಂದ ಪ್ರತಿಕ್ರಿಯೆಯೇ ಮತ್ತೊಂದು ಹಿಂಸೆಯಾಗಿ ಬೆಳೆದ, ಕೊನೆಗೆ ಕ್ಷಮೆಯ ಪಾಠವನ್ನೂ ಉಳಿಸಿಹೋದ ಒಂದು ಇತ್ತೀಚಿನ ಇತಿಹಾಸವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

2007ರ ಜನವರಿ 3ರಂದು ಇಂಗ್ಲೆಂಡಿನ ಚಾನೆಲ್ 4 ದೂರದರ್ಶನ ವಾಹಿನಿಯಲ್ಲಿ 'ಸೆಲೆಬ್ರಿಟಿ ಬಿಗ್ ಬ್ರದರ್' ಎಂಬ ಕಾರ್ಯಕ್ರಮದ ಐದನೆಯ ಆವೃತ್ತಿ ಆರಂಭವಾಯಿತು. ಹೆಸರುವಾಸಿಯಾದ ಕೆಲವರನ್ನು ಒಂದು ಮನೆಯಲ್ಲಿ ಕೂಡಿಹಾಕಿ, ಹಗಲಿರುಳೂ ಅವರ ಮಾತುಕತೆ, ಜಗಳ, ಅಳುಗಳನ್ನು ಲೋಕಕ್ಕೆ ತೋರಿಸುವುದು ಅದರ ಸ್ವರೂಪ. ನಮ್ಮ ಮನೆಗಳಲ್ಲಿ ಕಾಣುವ 'ಬಿಗ್ ಬಾಸ್' ಅದೇ ಅಚ್ಚಿನಿಂದ ಬಂದದ್ದು. ಆ ಮನೆಯೊಳಗೆ ಹೋದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ, ತುಳುನಾಡಿನ ಬಂಟ ಮನೆತನದ ಚಿತ್ರನಟಿ ಶಿಲ್ಪಾ ಶೆಟ್ಟಿ ಒಬ್ಬರು. ಲಂಡನ್ನಿನ ಬರ್ಮಂಡ್ಸೆ ಭಾಗದ ಬಡ ಮನೆತನದಿಂದ ಬಂದ ಜೇಡ್ ಗೂಡಿ ಮತ್ತೊಬ್ಬರು. ದಂತವೈದ್ಯರ ಬಳಿ ಸಹಾಯಕಿಯಾಗಿದ್ದ ಈಕೆ 2002ರಲ್ಲಿ ಇಂತಹುದೇ ಕಾರ್ಯಕ್ರಮದಿಂದ ಪ್ರಸಿದ್ಧಿಗೆ ಬಂದಿದ್ದರು. ಆಕೆಯ ಪ್ರಸಿದ್ಧಿಗೆ ಕಾರಣ ವಿದ್ಯೆಯಲ್ಲ, ಕಲೆಯೂ ಅಲ್ಲ. ಆಕೆಯ ಅಜ್ಞಾನವನ್ನು ಕಂಡು ಜನರು ನಕ್ಕದ್ದೇ ಕಾರಣ.

ಕೆಲವೇ ದಿನಗಳಲ್ಲಿ ಜೇಡ್ ಮತ್ತು ಇನ್ನಿಬ್ಬರು ಯುವತಿಯರು ಒಂದು ಗುಂಪಾದರು. ಶಿಲ್ಪಾ ಮಾಡಿದ ಅಡಿಗೆಯ ಬಗ್ಗೆ ಹೀನಾಯದ ಮಾತು ಬಂತು. ಆಕೆ ಕೈಯಿಂದ ಆಹಾರವನ್ನು ಮುಟ್ಟಿದುದಕ್ಕೆ, ಆ ಕೈಗಳು ಎಲ್ಲೆಲ್ಲಿ ಆಡಿದ್ದವೋ ಎಂಬ ಅಸಹ್ಯ ವ್ಯಕ್ತವಾಯಿತು. ಸ್ವದೇಶಕ್ಕೆ ತೊಲಗಲಿ ಎಂಬ ಬೈಗುಳವೂ ಕೇಳಿಬಂತು. ಅಡಿಗೆಗೆ ಹಾಕುವ ಮಾಂಸರಸದ ತುಂಡುಗಳ ವಿಷಯದಲ್ಲಿ ಹುಟ್ಟಿದ ಕ್ಷುಲ್ಲಕ ಜಗಳವು ಜೇಡ್‌ರ ಬಾಯಲ್ಲಿ ಬೆಂಕಿಯಾಯಿತು. ಆಕೆ ಶಿಲ್ಪಾರ ಹೆಸರಿನ ಮುಂದೆ ಕುಲನಾಮದ ಬದಲು ಹಪ್ಪಳವೆಂಬ ಪದವನ್ನು ಜೋಡಿಸಿ ಕರೆದರು. ಮನೆತನದ ಹೆಸರಿನ ಜಾಗದಲ್ಲಿ ತಿಂಡಿಯ ಹೆಸರನ್ನಿಟ್ಟು ಕರೆಯುವುದು, ಎದುರಿಗಿರುವವರನ್ನು ವ್ಯಕ್ತಿಯಾಗಿ ಕಾಣದೆ ಒಂದು ಜನಾಂಗದ ಗುರುತಾಗಿ ಮಾತ್ರ ಕಾಣುವುದಾಗಿದೆ. ಅದು ನಗೆಮಾತೆಂದು ತಳ್ಳಿಹಾಕತಕ್ಕದ್ದಲ್ಲ. ಜನಾಂಗದ್ವೇಷದ ನುಡಿಯೇ ಸರಿ.

ಪ್ರತಿಕ್ರಿಯೆ ಅಪಾರವಾಗಿತ್ತು. ಪ್ರಸಾರವನ್ನು ನಿಯಂತ್ರಿಸುವ 'ಆಫ್‌ಕಾಮ್' ಸಂಸ್ಥೆಗೆ ಬಂದ ದೂರುಗಳು 44,000ವನ್ನು ಮೀರಿದವು. ಅಲ್ಲಿಯವರೆಗೆ ಆ ಸಂಸ್ಥೆ ಅಷ್ಟು ದೂರುಗಳನ್ನು ಕಂಡಿರಲಿಲ್ಲ. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಪ್ರಧಾನಮಂತ್ರಿ ಟೋನಿ ಬ್ಲೇರ್ ಅವರನ್ನು ಪ್ರಶ್ನಿಸಲಾಯಿತು. ಆಗ ಅರ್ಥಮಂತ್ರಿಯಾಗಿದ್ದ ಗೋರ್ಡನ್ ಬ್ರೌನ್ ವ್ಯಾಪಾರ ಸಂಬಂಧಗಳ ಮಾತಿಗಾಗಿ ಭಾರತಕ್ಕೆ, ನಮ್ಮ ಬೆಂಗಳೂರಿಗೇ ಬಂದಿದ್ದರು. ಆರ್ಥಿಕ ವಿಚಾರಗಳನ್ನು ಹೇಳಬೇಕಾಗಿದ್ದ ಅವರು, ತಮ್ಮ ದೇಶವು ನ್ಯಾಯ ಮತ್ತು ಸಹಿಷ್ಣುತೆಗಳ ದೇಶವೆಂದು ಸಮಜಾಯಿಷಿ ಕೊಡಬೇಕಾಯಿತು. ಪಾಟ್ನಾದಲ್ಲಿ ಕಾರ್ಯಕ್ರಮದ ವ್ಯವಸ್ಥಾಪಕರ ಪ್ರತಿಕೃತಿಗಳನ್ನು ಸುಟ್ಟರು. ಜನವರಿ 19ರಂದು ನಡೆದ ಮತದಾನದಲ್ಲಿ ಶೇಕಡಾ 82 ಮತಗಳಿಂದ ಜೇಡ್‌ರನ್ನು ಹೊರಹಾಕಲಾಯಿತು. ಎಂದಿನಂತೆ ಹೊರಗೆ ಜನರನ್ನು ಸೇರಿಸಿದರೆ ಅನಾಹುತವಾದೀತೆಂಬ ಭಯದಿಂದ, ಬರಿದಾದ ಅಂಗಳದಲ್ಲಿ ಆಕೆಯನ್ನು ಹೊರತರಲಾಯಿತು. ಜನವರಿ 28ರಂದು ಶೇಕಡಾ 63 ಮತಗಳೊಡನೆ ಶಿಲ್ಪಾ ವಿಜಯಿಯಾದರು.

ಇಲ್ಲಿಗೆ ನ್ಯಾಯ ದೊರೆಯಿತೆಂದು ಲೋಕ ತಿಳಿಯಿತು. ಆದರೆ ಜೈನ ಕರ್ಮಸಿದ್ಧಾಂತದ ಲೆಕ್ಕ ಇಷ್ಟಕ್ಕೆ ಮುಗಿಯುವುದಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆಸ್ರವದ ದ್ವಾರಗಳನ್ನು ವಿಂಗಡಿಸಿದ ಕ್ರಮವನ್ನು ನೆನೆಯಬೇಕು. ಪಾಪವನ್ನು ಸಂಕಲ್ಪಿಸುವುದು, ಅದಕ್ಕೆ ಸಾಧನಗಳನ್ನು ಕೂಡಿಸುವುದು, ಆರಂಭಿಸುವುದು ಎಂದು ಮೂರು. ಮನಸ್ಸು, ವಚನ, ಕಾಯಗಳೆಂದು ಮೂರು. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ನಾಲ್ಕು. ಇವನ್ನು ಗುಣಿಸಿದರೆ ನೂರೆಂಟಾಗುತ್ತದೆ. ನಮ್ಮ ಜಪಮಾಲೆಯ ನೂರೆಂಟು ಮಣಿಗಳಿಗೆ ಹಿರಿಯರು ಹೇಳುವ ಒಂದು ಅರ್ಥವೂ ಇದೇ. ಈ ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದರೆ, ಮಾತನಾಡಿದವರ ಪಾಪ ಒಂದೇ ಸಾಲಿನದು. ಉಳಿದ ಸಾಲುಗಳು ಯಾರ ಹೆಸರಿನಲ್ಲಿವೆ?

ಮಾಡಿಸಿದವರು ಕಾರ್ಯಕ್ರಮವನ್ನು ನಿರ್ಮಿಸಿದವರು ಮತ್ತು ಬಿತ್ತರಿಸಿದವರು. ಜಗಳವಾಗಲೆಂದೇ ಭಿನ್ನ ಸ್ವಭಾವದವರನ್ನು ಒಟ್ಟುಗೂಡಿಸಿ, ಜಗಳವಾದಾಗ ಅದನ್ನೇ ಆರಿಸಿ ತೋರಿಸಿದರು. ಕೆಟ್ಟ ಮಾತು ಹೆಚ್ಚಿದಂತೆ ನೋಡುವವರೂ ಹೆಚ್ಚಿದರು. ಮೊದಲಿಗೆ ವಾಹಿನಿಯು ಇದನ್ನು ಸಂಸ್ಕೃತಿಗಳ ಘರ್ಷಣೆ ಎಂದು ವರ್ಣಿಸಿ ಜಾರಿಕೊಳ್ಳಲೆತ್ನಿಸಿತು. 2007ರ ಮೇ 24ರಂದು ಆಫ್‌ಕಾಮ್ ತನ್ನ ನಿರ್ಣಯವನ್ನು ಪ್ರಕಟಿಸಿ, ವಾಹಿನಿಯ ಸಂಪಾದಕೀಯ ವಿವೇಚನೆಯಲ್ಲಿ ಗಂಭೀರ ಲೋಪಗಳಾಗಿವೆಯೆಂದು ಹೇಳಿ, ಆ ನಿರ್ಣಯದ ಸಾರಾಂಶವನ್ನು ಮೂರು ಬಾರಿ ತನ್ನ ಪ್ರಸಾರದಲ್ಲಿಯೇ ಸಾರುವಂತೆ ಮಾಡಿತು. ನ್ಯಾಯವೆಂದು ಹೇಳಬಹುದಾದ ಕಾರ್ಯವಿದು. ಇಲ್ಲಿ ಬೈಗುಳವಿಲ್ಲ, ಬೆಂಕಿಯಿಲ್ಲ. ದೂರನ್ನು ಕೇಳಿ, ಸಾಕ್ಷ್ಯವನ್ನು ನೋಡಿ, ಹೊಣೆಗಾರರನ್ನು ಗುರುತಿಸಿದ ವಿವೇಕವಿದೆ.

ವ್ಯಾಪಾರಿಯಾದ ನನ್ನ ಗಮನವನ್ನು ಸೆಳೆದ ಅಂಶವೊಂದಿದೆ. ಕಾರ್ಯಕ್ರಮಕ್ಕೆ ಪ್ರಾಯೋಜಕನಾಗಿದ್ದುದು 'ಕಾರ್‌ಫೋನ್ ವೇರ್‌ಹೌಸ್' ಎಂಬ ಮೊಬೈಲ್ ಫೋನ್ ಮಾರಾಟದ ಸಂಸ್ಥೆ. ಸುಮಾರು 30 ಲಕ್ಷ ಪೌಂಡುಗಳ ಒಪ್ಪಂದವದು. ಜನವರಿ 18ರಂದು ಆ ಸಂಸ್ಥೆ ತನ್ನ ಪ್ರಾಯೋಜಕತ್ವವನ್ನು ಅಮಾನತಿನಲ್ಲಿಟ್ಟಿತು. ಜೇಡ್‌ರ ಹೆಸರಿನ ಸುಗಂಧದ್ರವ್ಯವನ್ನು ಮಾರುತ್ತಿದ್ದ ಮಳಿಗೆಗಳ ಸರಣಿಯೊಂದು ಅದನ್ನು ಕಪಾಟುಗಳಿಂದ ತೆಗೆಯಿತು. ಇದು ಧರ್ಮಬುದ್ಧಿಯೋ, ಗಿರಾಕಿಗಳನ್ನು ಕಳೆದುಕೊಳ್ಳುವ ಭಯವೋ? ಎರಡೂ ಬೆರೆತಿರಬಹುದು. ಆದರೂ ಒಂದು ಮಾತು ನಿಜ. ಯಾವ ಕಾರ್ಯಕ್ಕೆ ನಮ್ಮ ಹಣ ಹೋಗುತ್ತದೆಯೋ ಆ ಕಾರ್ಯದ ಅನುಮೋದನೆ ನಮ್ಮ ಖಾತೆಗೆ ಬರುತ್ತದೆ. ಜಾಹೀರಾತು ಕೊಡುವವನು ತಾನು ಬರಿಯ ಜಾಹೀರಾತು ಕೊಟ್ಟೆನೆಂದು ಕೈತೊಳೆದುಕೊಳ್ಳಲಾಗದು. ಅಂತೆಯೇ, ಜಗಳವನ್ನು ಪ್ರತಿರಾತ್ರಿ ಕಾದು ನೋಡಿದವನು ತಾನು ಬರಿಯ ನೋಡಿದೆನೆಂದೂ ಹೇಳಲಾಗದು.

ಇನ್ನು ಪ್ರತಿಕೃತಿದಹನದ ವಿಚಾರ. ಅದು ಹುಲ್ಲಿನ ಬೊಂಬೆ, ಸುಟ್ಟರೆ ಯಾರಿಗೆ ನೋವು ಎಂದು ಕೇಳುವವರುಂಟು. ಈ ಪ್ರಶ್ನೆಗೆ ನಮ್ಮ ಕವಿಗಳು ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. 1209ರಲ್ಲಿ ರಚಿತವಾದ ಜನ್ನನ ಯಶೋಧರ ಚರಿತೆಯನ್ನು ಕೇಳದ ಜೈನ ಮನೆ ಕನ್ನಡ ನಾಡಿನಲ್ಲಿ ವಿರಳ. ಯಶೋಧರನು ಬಲಿಕೊಟ್ಟದ್ದು ಜೀವವಿರುವ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಬಳಲಿದರು. ಹಿಟ್ಟಿನ ಕೋಳಿಗೆ ಅನ್ವಯಿಸಿದ ನಿಯಮ ಹುಲ್ಲಿನ ಬೊಂಬೆಗೂ ಅನ್ವಯಿಸಬೇಕಲ್ಲವೆ?

ಈ ಬೆಂಕಿಗೆ ತಾನು ಯಾರ ಪರವೆಂಬ ನೆನಪೂ ಇರುವುದಿಲ್ಲ. ಅದೇ 2007ರ ಏಪ್ರಿಲ್ 15ರಂದು ದೆಹಲಿಯಲ್ಲಿ ಏಡ್ಸ್ ಜಾಗೃತಿಯ ಸಭೆಯೊಂದರಲ್ಲಿ ಅಮೆರಿಕದ ನಟ ರಿಚರ್ಡ್ ಗೇರ್ ವೇದಿಕೆಯ ಮೇಲೆ ಶಿಲ್ಪಾ ಶೆಟ್ಟಿಯವರ ಕೆನ್ನೆಗೆ ಮುತ್ತಿಟ್ಟರು. ಮೂರು ತಿಂಗಳ ಹಿಂದೆ ದೇಶದ ಮಾನವೆಂದು ಯಾರನ್ನು ಕೊಂಡಾಡಿದ್ದರೋ ಅವರ ವಿರುದ್ಧವೇ ಈಗ ಊರೂರುಗಳಲ್ಲಿ ಘೋಷಣೆಗಳೆದ್ದವು, ಪ್ರತಿಕೃತಿಗಳು ಉರಿದವು. ನ್ಯಾಯಾಲಯದ ಮೊಕದ್ದಮೆಯಿಂದ ಆಕೆಗೆ ಮುಂಬಯಿಯಲ್ಲಿ ಬಿಡುಗಡೆ ದೊರೆತದ್ದು 2022ರಲ್ಲಿ. ಕ್ರೋಧವು ಒಬ್ಬರ ಮಾನವನ್ನು ಕಾಯಲು ಹೊರಟಂತೆ ತೋರಿದರೂ, ಅದು ಕಾಯುವುದು ತನ್ನನ್ನು ಮಾತ್ರ.

ಇಂಗ್ಲೆಂಡಿನಲ್ಲಿಯೂ ಇದೇ ಆಯಿತು. ಜೇಡ್‌ರ ನುಡಿಯನ್ನು ಖಂಡಿಸುವುದು ನ್ಯಾಯವಾಗಿತ್ತು. ಆದರೆ ಖಂಡನೆಯು ಬಹುಬೇಗನೆ ಆಕೆಯ ರೂಪ, ವಿದ್ಯೆ, ಬಡತನ, ಮನೆತನಗಳ ನಿಂದೆಗೆ ತಿರುಗಿತು. ಹುಟ್ಟಿನ ಕಾರಣದಿಂದ ಒಬ್ಬರನ್ನು ಹಳಿದದ್ದು ತಪ್ಪೆಂದು ಹೇಳುತ್ತಿದ್ದವರೇ ಹುಟ್ಟಿನ ಕಾರಣದಿಂದ ಮತ್ತೊಬ್ಬರನ್ನು ಹಳಿದರು. 2002ರಲ್ಲಿ ಆಕೆಯನ್ನು ಹಂದಿಯೆಂದು ಕರೆದಿದ್ದ ಪತ್ರಿಕಾರಂಗವೇ ನಡುವಿನ ವರ್ಷಗಳಲ್ಲಿ ಆಕೆಯ ಚಿತ್ರಗಳಿಂದ ಲಾಭ ಮಾಡಿಕೊಂಡಿತ್ತು. ಆಕೆಯ ತಂದೆ ಮಾದಕದ್ರವ್ಯದ ದಾಸನಾಗಿ ಮರಣಹೊಂದಿದವರು. ಆ ತಂದೆಯ ಕಡೆಯಿಂದ ಆಕೆಯಲ್ಲಿಯೂ ಕೆರಿಬಿಯನ್ ದ್ವೀಪಗಳ ಕಪ್ಪು ಜನರ ರಕ್ತವಿತ್ತು ಎಂಬುದನ್ನು ನೆನೆದರೆ, ಜನಾಂಗದ ಅಭಿಮಾನವೆಷ್ಟು ಟೊಳ್ಳೆಂಬುದು ತಿಳಿಯುತ್ತದೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಮತ್ತು ಸ್ಥಿತಿಕರಣಗಳೆಂಬ ಎರಡುಂಟು. ಅಜ್ಞಾನದಿಂದ ಎಡವಿದವರ ದೋಷವನ್ನು ಬೀದಿಯಲ್ಲಿ ಮೆರೆಸದಿರುವುದು ಮೊದಲನೆಯದು. ಜಾರಿದವರನ್ನು ಮತ್ತೆ ನೆಲೆಗೆ ತಂದು ನಿಲ್ಲಿಸುವುದು ಎರಡನೆಯದು. ಉಪಗೂಹನವೆಂದರೆ ಅನ್ಯಾಯವನ್ನು ಮುಚ್ಚಿಡುವುದೆಂದು ಯಾರೂ ಭಾವಿಸಬಾರದು. ನೋವುಂಡವರಿಗೆ ನ್ಯಾಯ ದೊರೆಯಲೇಬೇಕು. ದೋಷವನ್ನು ದೋಷವೆಂದು ಹೇಳಿದ ಮೇಲೆ ದೋಷಿಯನ್ನು ಮನುಷ್ಯರ ಪಂಕ್ತಿಯಿಂದಲೇ ಎಬ್ಬಿಸಬಾರದು ಎಂಬುದಷ್ಟೇ ಅದರ ತಾತ್ಪರ್ಯ.

ಈ ತಾತ್ಪರ್ಯವನ್ನು ನಡೆಯಲ್ಲಿ ತೋರಿದವರು ನೋವುಂಡ ಶಿಲ್ಪಾ ಅವರೇ. ಮನೆಯಿಂದ ಹೊರಬಂದ ಮೇಲೆ, ಜೇಡ್ ಮೂಲತಃ ಜನಾಂಗದ್ವೇಷಿಯೆಂದು ತಾವು ಭಾವಿಸುವುದಿಲ್ಲವೆಂದೂ ಕ್ಷಮಿಸಿರುವುದಾಗಿಯೂ ಹೇಳಿದರು. ಜೇಡ್ ತಮ್ಮ ನುಡಿ ತಪ್ಪೆಂದು ಒಪ್ಪಿ ಬಹಿರಂಗವಾಗಿ ಕ್ಷಮೆ ಬೇಡಿದರು. 2008ರ ಆಗಸ್ಟಿನಲ್ಲಿ ಹಿಂದಿಯ 'ಬಿಗ್ ಬಾಸ್' ಕಾರ್ಯಕ್ರಮವನ್ನು ಶಿಲ್ಪಾ ನಿರೂಪಿಸುತ್ತಿದ್ದಾಗ ಅದರಲ್ಲಿ ಭಾಗವಹಿಸಲು ಜೇಡ್ ಭಾರತಕ್ಕೆ ಬಂದರು. ಎರಡೇ ದಿನಗಳಲ್ಲಿ, ತಮಗೆ ಗರ್ಭಕಂಠದ ಕ್ಯಾನ್ಸರ್ ಇದೆಯೆಂಬ ವಾರ್ತೆ ಅವರಿಗೆ ಇಲ್ಲಿಯೇ ತಿಳಿಯಿತು. ಸ್ವದೇಶಕ್ಕೆ ಮರಳಿದ ಅವರು 2009ರ ಮಾರ್ಚ್ 22ರಂದು, 27ನೆಯ ವಯಸ್ಸಿನಲ್ಲಿ, ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡರು. ಬೆಂಗಳೂರಿನಲ್ಲಿ ಸಮಜಾಯಿಷಿ ಕೊಟ್ಟಿದ್ದ ಗೋರ್ಡನ್ ಬ್ರೌನ್ ಆಗ ಪ್ರಧಾನಮಂತ್ರಿಯಾಗಿ ಶ್ರದ್ಧಾಂಜಲಿ ಸಲ್ಲಿಸಿದರು. ತಮ್ಮ ರೋಗವನ್ನು ಆಕೆ ಬಚ್ಚಿಡದೆ ಲೋಕಕ್ಕೆ ತಿಳಿಸಿದುದರಿಂದ, 2008-09ರ ಅವಧಿಯಲ್ಲಿ ಇಂಗ್ಲೆಂಡಿನಲ್ಲಿ ವಾಡಿಕೆಗಿಂತ ನಾಲ್ಕು ಲಕ್ಷಕ್ಕೂ ಹೆಚ್ಚು ತಪಾಸಣೆಗಳು ನಡೆದವು. ಜನವರಿ 2007ರ ಜನಕೋಪವು ಇಚ್ಛಿಸಿದಂತೆ ಆಕೆಯ ಹೆಸರು ಅಂದೇ ಅಳಿಸಿಹೋಗಿದ್ದರೆ ಈ ಉಪಕಾರಕ್ಕೆ ಅವಕಾಶವಿರುತ್ತಿರಲಿಲ್ಲ. ಒಬ್ಬ ಜೀವದಲ್ಲಿ ಮುಂದೆ ಯಾವ ಭಾವ ಉದಯಿಸೀತೆಂದು ಬಲ್ಲವರಾರು?

ಈಗ ನಮ್ಮ ಕಡೆಗೆ ತಿರುಗೋಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲಮದ, ಜಾತಿಮದ, ಶರೀರಮದಗಳೂ ಸೇರಿವೆ. ಬಣ್ಣದ ಹೆಮ್ಮೆ ಇವುಗಳ ಮಿಶ್ರಣವೇ. ನಮ್ಮ ತೀರ್ಥಂಕರರಲ್ಲಿ ಮುನಿಸುವ್ರತನಾಥರೂ ನೇಮಿನಾಥರೂ ಶ್ಯಾಮವರ್ಣದವರು. ಅವರಿಗೆ ಬೆಳಿಗ್ಗೆ ಅಭಿಷೇಕ ಮಾಡಿ, ಸಂಜೆ ವಧೂವರರ ಅಂಕಣದಲ್ಲಿ ಬೆಳ್ಳಗಿನ ಕನ್ಯೆ ಬೇಕೆಂದು ಬರೆಸುವುದು ಎಂತಹ ಭಕ್ತಿ? 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವ್ಯಕ್ತಿಯೊಬ್ಬನ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಸತ್ತಾಗ, ಅದಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಆಕೆಯ ಮೈಬಣ್ಣವೊಂದೇ ಗುಂಪಿಗೆ ಸಾಕ್ಷ್ಯವಾಗಿತ್ತು. ಇಂಗ್ಲೆಂಡಿನವರ ಜನಾಂಗದ್ವೇಷವನ್ನು ಕಂಡು ಸಿಡಿದೆದ್ದ ನಾವು ಆ ದಿನ ತಲೆತಗ್ಗಿಸಬೇಕಾಯಿತು.

ದಶಲಕ್ಷಣ ಪರ್ವವು ಉತ್ತಮಕ್ಷಮೆಯಿಂದ ಆರಂಭವಾಗುತ್ತದೆ, ಕ್ಷಮಾವಣಿಯಿಂದ ಮುಗಿಯುತ್ತದೆ. ಅಂದು ಕೈಮುಗಿದು ಕ್ಷಮೆ ಕೇಳುವುದು ಬಹುಮಟ್ಟಿಗೆ ನಮ್ಮ ಬಂಧುಮಿತ್ರರೊಡನೆ ಮಾತ್ರ. ಮನೆಗೆಲಸದವರು, ಅಂಗಡಿಯ ಆಳುಗಳು, ನೆರೆಯ ಅನ್ಯಪ್ರಾಂತದವರು ಇವರನ್ನು ವರ್ಷವಿಡೀ ಯಾವ ಹೆಸರಿನಿಂದ ಕರೆದೆವೆಂಬುದನ್ನೂ ಆ ದಿನದ ಪ್ರತಿಕ್ರಮಣದಲ್ಲಿ ಸೇರಿಸಿಕೊಳ್ಳಬೇಕು. ಬಸದಿಗಳ ಆಡಳಿತ ಮಂಡಳಿಗಳು ಪರ್ವದ ಹತ್ತು ದಿನಗಳಲ್ಲಿ ಒಂದು ದಿನದ ಸ್ವಾಧ್ಯಾಯವನ್ನು ವಚನಹಿಂಸೆಯ ವಿಷಯಕ್ಕೆ ಮೀಸಲಿಟ್ಟು, ಮಕ್ಕಳಿಗೆ ಕೃತ, ಕಾರಿತ, ಅನುಮೋದನೆಗಳ ವಿವರಣೆಯನ್ನು ಇಂತಹ ನಿದರ್ಶನಗಳೊಡನೆ ಕೊಡಿಸಬಹುದು. ಮಂಡಳಿಯ ಸಭೆಗಳಲ್ಲಿ ಸದಸ್ಯರೊಬ್ಬರು ತಪ್ಪುಮಾಡಿದಾಗ ಲೆಕ್ಕವನ್ನು ಪರಿಶೀಲಿಸಿ ತಪ್ಪನ್ನು ದಾಖಲಿಸಲಿ. ಅವರ ಮನೆತನವನ್ನು ಎಳೆಯದಿರಲಿ. ಈ ಎರಡನ್ನು ಬೇರ್ಪಡಿಸಿ ನಡೆಯುವುದನ್ನು ನಮ್ಮ ಚಿಕ್ಕ ಸಭೆಗಳಲ್ಲಿ ಅಭ್ಯಾಸ ಮಾಡಿದರೆ, ಮುಂದೆ ದೊಡ್ಡ ಜನಕೋಪದ ನಡುವೆ ಸಿಲುಕಿದಾಗಲೂ ನಾವು ಅದನ್ನು ಮರೆಯಲಾರೆವು.