ಮಂಗಳ ಹಾಡದ ಕಛೇರಿ: ವಿಡಿಯೋ ಗೇಮ್ ಸಂಗೀತದ ನಾಲ್ಕು ದಶಕ

ಹಳೆಯ ವಿಡಿಯೋ ಗೇಮ್‌ಗಳ ಸಂಗೀತವನ್ನು ಯಾರಾದರೂ ಮೆಚ್ಚಿ ಮಾತಾಡಿದರೆ ‘ಅದು ರಾಗದ ಗುಣವಲ್ಲ, ವಯಸ್ಸಿನ ಗುಣ’ ಎಂದು ನಗುವವರೇ ಹೆಚ್ಚು. ಶಾಲೆ ಬಿಟ್ಟ ಮೇಲೆ ಟಿವಿ ಮುಂದೆ ಕೂತು ನೂರಾರು ಸಲ ಕೇಳಿದ್ದು ಮನಸ್ಸಿನಲ್ಲಿ ಉಳಿಯದೆ ಇನ್ನೇನು ಉಳಿದೀತು ಎಂಬುದು ಅವರ ವಾದ. ಆದರೆ 2021ರ ಜುಲೈ 23ರಂದು ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕ್ರೀಡಾಪಟುಗಳು ಅಂಗಳಕ್ಕೆ ಕಾಲಿಟ್ಟದ್ದು ಜಪಾನಿನ ವಿಡಿಯೋ ಗೇಮ್‌ಗಳ ಸಂಗೀತದೊಂದಿಗೆ. ಮೊದಲು ಮೊಳಗಿದ್ದು ‘ಡ್ರ್ಯಾಗನ್ ಕ್ವೆಸ್ಟ್’ ರಾಗ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಪಿಡಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ‘ಸೂಪರ್ ಮಾರಿಯೋ ಬ್ರದರ್ಸ್’ ರಾಗವನ್ನು ಸೇರಿಸಿತು. ಆ ಗೌರವ ಪಡೆದ ಮೊದಲ ಗೇಮ್ ಸಂಗೀತ ಅದು. ಇದರಲ್ಲಿ ಬಾಲ್ಯದ ಮೋಹ ಇಲ್ಲವೇ ಇಲ್ಲ ಎನ್ನಲಾಗದು. ಆದರೆ ಮೋಹದ ಬಳ್ಳಿಗೂ ಹಬ್ಬಲು ಒಂದು ಗಟ್ಟಿ ಚಪ್ಪರ ಬೇಕು. ಆ ಚಪ್ಪರ ಕಟ್ಟಿದ್ದು ಯಂತ್ರದ ಬಡತನ, ಮತ್ತು ಆ ಬಡತನದಲ್ಲೇ ಸಂಸಾರ ತೂಗಿಸಿದ ಸಂಗೀತಗಾರರ ಜಾಣ್ಮೆ.

1978ರಲ್ಲಿ ಟೈಟೊ ಕಂಪನಿಗೆ ತೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಇದ್ದದ್ದು ಕೆಳಗಿಳಿಯುವ ನಾಲ್ಕೇ ಸ್ವರ. ಶತ್ರುಗಳ ಸಾಲು ಕರಗಿದಂತೆ ಉಳಿದವರ ನಡಿಗೆ ಚುರುಕಾಗುತ್ತಿತ್ತು, ಜೊತೆಗೆ ಆ ಸ್ವರಗಳ ಲಯವೂ. ಇದನ್ನು ಸಂಗೀತ ಎನ್ನಲು ಹಿಂಜರಿಯುವವರಿದ್ದಾರೆ. ಆದರೂ ಮುಂದೆ ಬಂದದ್ದರ ಬೀಜವೆಲ್ಲ ಅಲ್ಲಿದೆ. ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಕೊಡುವವರಿಗೆ ಮುಂದಿನ ದೃಶ್ಯ ಗೊತ್ತು. ಗೇಮ್‌ಗೆ ಬರೆಯುವವರಿಗೆ ಗೊತ್ತಿಲ್ಲ. ಯಕ್ಷಗಾನ ಬಲ್ಲವರಿಗೆ ಆಟದ ನಡೆಗೂ ಸಂಗೀತಕ್ಕೂ ಇರುವ ಈ ಸಂಬಂಧ ಹೊಸದೆನಿಸದು: ವೇಷಧಾರಿ ಕುಣಿತ ಬೆಳೆಸಿದರೆ ಭಾಗವತರು ಪದ ಬೆಳೆಸುತ್ತಾರೆ, ಚಂಡೆ ಹೆಜ್ಜೆಯನ್ನು ನೋಡಿ ನುಡಿಯುತ್ತದೆ. ಆದರೆ ಹಿಮ್ಮೇಳದಲ್ಲಿ ಕೂತವರಿಗೆ ಕಣ್ಣಿದೆ. ಗೇಮ್‌ನಲ್ಲಿ ಆ ಕಣ್ಣಿನ ಕೆಲಸವನ್ನೂ ಮುಂಚೆಯೇ ಬರೆದಿಡಬೇಕು. ಆಟಗಾರ ಒಂದು ಘಟ್ಟದಲ್ಲಿ ಎರಡು ನಿಮಿಷ ಕಳೆದಾನೋ ಎರಡು ಗಂಟೆಯೋ ಹೇಳಲಾಗದು. ಹಾಗಾಗಿ ರಾಗ ಮುಗಿದಲ್ಲಿಂದ ಮತ್ತೆ ಮೊದಲಿಗೆ ಬರುತ್ತಲೇ ಇರಬೇಕು. ಇದು ಮಂಗಳ ಹಾಡುವ ಹೊತ್ತು ಯಾರಿಗೂ ಗೊತ್ತಿಲ್ಲದ ಕಛೇರಿ.

1983ರ ಜುಲೈ 15ರಂದು ಜಪಾನಿನಲ್ಲಿ ನಿಂಟೆಂಡೊ ಮಾರಾಟಕ್ಕೆ ತಂದ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರ ಈ ಕಛೇರಿಗೆ ಕೊಟ್ಟದ್ದು ಐದು ದನಿ: ರಾಗಕ್ಕೆ ಒದಗುವ ಎರಡು ಪಲ್ಸ್ ದನಿ, ಮಂದ್ರಕ್ಕೆ ಒಂದು ತ್ರಿಕೋನ ಅಲೆ, ತಾಳಕ್ಕೆ ಒಂದು ಬುಸುಗುಟ್ಟುವ ಸದ್ದು, ಮುದ್ರಿತ ತುಣುಕುಗಳಿಗೆ ಒರಟಾದ ಇನ್ನೊಂದು ವಾಹಿನಿ. ಜಿಗಿತದ ಸದ್ದು, ನಾಣ್ಯದ ಸದ್ದು ಇವೇ ವಾಹಿನಿಗಳನ್ನು ಎರವಲು ಪಡೆಯುತ್ತಿದ್ದವು; ಆ ಕ್ಷಣಕ್ಕೆ ಸಂಗೀತದ ಒಂದು ದನಿ ಬಾಯಿ ಮುಚ್ಚಬೇಕು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಪೂರ್ತಿ ಹಿಡಿಸಿದ್ದು 40 ಕಿಲೋಬೈಟ್‌ಗಳಲ್ಲಿ. ಚಿತ್ರ, ನಿಯಮ, ಸಂಗೀತ ಎಲ್ಲ ಅದರೊಳಗೇ. ಅದರ ಸಂಗೀತಗಾರ ಕೋಜಿ ಕೊಂಡೊ ರಾಗವನ್ನು ಮಾರಿಯೋನ ಓಟಕ್ಕೆ ಹೊಂದಿಸಿದರು. ನೆಲದ ಮೇಲೆ ಪುಟಿಯುವ ನಡೆ, ಸುರಂಗದಲ್ಲಿ ಮಂದ್ರದ ಕಳ್ಳಹೆಜ್ಜೆ, ನೀರಿನಲ್ಲಿ ಮೂರರ ಎಣಿಕೆಯಲ್ಲಿ ತೂಗುವ ಲಯ; ಗಡಿಯಾರ ನೂರಕ್ಕಿಂತ ಕೆಳಗಿಳಿದರೆ ಅದೇ ರಾಗ ದುಡುದುಡು ಓಡತೊಡಗುತ್ತದೆ. ವಾದ್ಯಗಳ ಸಿರಿಯಲ್ಲಿ ಮರೆಮಾಚುವ ಅವಕಾಶವೇ ಇಲ್ಲದಾಗ ರಾಗ ತನ್ನ ಕಾಲ ಮೇಲೆ ನಿಲ್ಲಲೇಬೇಕಿತ್ತು.

ಇಕ್ಕಟ್ಟನ್ನು ಎಲ್ಲರೂ ಒಂದೇ ಬಗೆಯಲ್ಲಿ ದಾಟಲಿಲ್ಲ. 1982ರಲ್ಲಿ ಬಂದ ಕಮೊಡೋರ್ 64 ಕಂಪ್ಯೂಟರಿನ ಸಿಡ್ ಚಿಪ್‌ಗೆ ಇದ್ದದ್ದು ಮೂರೇ ದನಿ. ಬ್ರಿಟನ್ನಿನ ರಾಬ್ ಹಬ್ಬರ್ಡ್, ಮಾರ್ಟಿನ್ ಗಾಲ್ವೇ ಮುಂತಾದವರು ಸ್ವರಗಳನ್ನು ರೆಪ್ಪೆ ಬಡಿಯುವಷ್ಟರಲ್ಲಿ ಒಂದರ ಹಿಂದೊಂದು ಚಿಮ್ಮಿಸಿ, ಅವು ಒಟ್ಟಿಗೇ ನುಡಿಯುತ್ತಿವೆ ಎಂದು ಕಿವಿಯನ್ನು ನಂಬಿಸಿದರು. 1986ರ ‘ಮೆಟ್ರಾಯ್ಡ್’ನಲ್ಲಿ ಹಿರೊಕಾಜು ತನಾಕಾ ಗುನುಗುವ ರಾಗದ ಆಸೆಯನ್ನೇ ಬಿಟ್ಟು, ಪಾಳುಬಿದ್ದ ಗ್ರಹದ ಒಂಟಿತನವನ್ನು ಹಿಡಿದರು. ಅದೇ ತನಾಕಾ 1989ರ ಗೇಮ್‌ಬಾಯ್ ‘ಟೆಟ್ರಿಸ್’ಗೆ ರಷ್ಯಾದ ‘ಕೊರೊಬೈನಿಕಿ’ ಹಾಡನ್ನು ಒಗ್ಗಿಸಿದರು. ಹತ್ತೊಂಬತ್ತನೆಯ ಶತಮಾನದ ಜನಪ್ರಿಯ ಹಾಡೊಂದು ಹೀಗೆ ಅಂಗೈಯಗಲದ ಯಂತ್ರದಿಂದ ಜಗತ್ತು ಸುತ್ತಿತು.

ಈಗ ಮೊದಲ ಆಕ್ಷೇಪಕ್ಕೆ ಬರೋಣ. ಹರೆಯದ ಆಸುಪಾಸಿನಲ್ಲಿ ಕೇಳಿದ ಸಂಗೀತ ಹೆಚ್ಚು ಆಳವಾಗಿ ನೆಲೆಸುತ್ತದೆ ಎಂದು ಮನೋವಿಜ್ಞಾನಿಗಳೂ ಹೇಳುತ್ತಾರೆ. ಅದು ಸರಿ, ಆದರೆ ಇತಿಹಾಸದ ಕಾಲಾನುಕ್ರಮ ಈ ವಾದಕ್ಕೆ ಪೂರ್ತಿ ಒಗ್ಗುವುದಿಲ್ಲ. ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾದ ಹರುವೋಮಿ ಹೊಸೊನೊ, ನಾಮ್ಕೊ ಗೇಮ್‌ಗಳ ಸಂಗೀತವನ್ನು ಕೇಳುವುದಕ್ಕೆಂದೇ ಆಲ್ಬಮ್ ಆಗಿಸಿದ್ದು 1984ರಲ್ಲಿ. ಕೊಯಿಚಿ ಸುಗಿಯಾಮಾ ಸಂಗೀತ ಕೊಟ್ಟ ‘ಡ್ರ್ಯಾಗನ್ ಕ್ವೆಸ್ಟ್’ ಬಂದದ್ದು 1986ರ ಮೇ ತಿಂಗಳಲ್ಲಿ. ಮರುವರ್ಷವೇ ಟೋಕಿಯೊದ ಸಂಟೊರಿ ಹಾಲ್‌ನಲ್ಲಿ ಅದನ್ನು ವಾದ್ಯವೃಂದ ನುಡಿಸಿತು. ಆಟ ಇನ್ನೂ ಬಿಸಿಯಾಗಿದ್ದಾಗಲೇ ಸಭಾಂಗಣಕ್ಕೆ ಬಂದ ಸಂಗೀತ ಇದು. ಹಂಬಲಿಸುವುದಕ್ಕೆ ಕಳೆದುಹೋದ ಕಾಲವೇ ಇರಲಿಲ್ಲವಲ್ಲ!

ಎರಡನೆಯ ಆಕ್ಷೇಪ ಇನ್ನೂ ಹರಿತ: ಉಳಿದದ್ದನ್ನಷ್ಟೇ ಎಣಿಸಿ ಆ ಕಾಲವೇ ಚಿನ್ನವೆನ್ನುವುದು ಮೋಸವಲ್ಲವೇ? ಹೌದು, ಕಿವಿ ಕೊರೆಯುವ ರಾಗಗಳು ಆಗಲೂ ಬೇಕಾದಷ್ಟಿದ್ದವು, ಮಕ್ಕಳು ಅವನ್ನೂ ನೂರಾರು ಸಲ ಕೇಳಿದರು. ಆದರೆ ಈ ಮಾತು ಆಕ್ಷೇಪಿಸುವವರಿಗೇ ತಿರುಗುಬಾಣ. ಬರೀ ಪುನರಾವರ್ತನೆಯೇ ನೆನಪಿನ ಗುಟ್ಟಾಗಿದ್ದರೆ ಎಲ್ಲವೂ ಒಂದೇ ಸಮ ಉಳಿಯಬೇಕಿತ್ತು. ಉಳಿದವು ಕೆಲವೇ. ಇಕ್ಕಟ್ಟು ತಾನಾಗಿ ಕಲೆಯನ್ನು ಹುಟ್ಟಿಸುವುದಿಲ್ಲ. ಕಲೆ ಎಲ್ಲಿಲ್ಲವೋ ಅಲ್ಲಿ ಆ ಕೊರತೆಯನ್ನು ಮುಚ್ಚಲು ಬಿಡುವುದಿಲ್ಲ, ಅಷ್ಟೇ.

ತೊಂಬತ್ತರ ದಶಕದಲ್ಲಿ ಇಕ್ಕಟ್ಟು ಸಡಿಲವಾಯಿತು. 1990ರ ಸೂಪರ್ ಫ್ಯಾಮಿಕಾಮ್‌ನಲ್ಲಿ ಸೋನಿಯ ಕೆನ್ ಕುಟರಾಗಿ ರೂಪಿಸಿದ ಚಿಪ್ ಎಂಟು ವಾಹಿನಿಗಳಲ್ಲಿ ನಿಜವಾದ ವಾದ್ಯಗಳ ತುಣುಕುಗಳನ್ನು ನುಡಿಸಿತು. 1994ರಲ್ಲಿ ಪ್ಲೇಸ್ಟೇಷನ್ ಜೊತೆ ಸಿಡಿ ಬಂತು. 1997ರ ‘ಫೈನಲ್ ಫ್ಯಾಂಟಸಿ 7’ರ ಕೊನೆಯ ಕಾಳಗಕ್ಕೆ ನೊಬುವೊ ಉಎಮತ್ಸು ಮನುಷ್ಯರ ವೃಂದಗಾನವನ್ನೇ ತಂದರು. 2011ರಲ್ಲಿ ‘ಸಿವಿಲೈಸೇಷನ್ 4’ರ ಸ್ವಾಹಿಲಿ ಗೀತೆ ‘ಬಾಬಾ ಯೇತು’ ಕ್ರಿಸ್ಟೊಫರ್ ಟಿನ್‌ಗೆ ಗ್ರ್ಯಾಮಿ ಗೆದ್ದುಕೊಟ್ಟಿತು. ಹಾಗಾದರೆ ಹಳತಿನ ಗುಣಗಾನವೇಕೆ? ಸಿರಿ ಬಂದಾಗ ಸಂಗೀತ ಸಿನಿಮಾದ ಮನೆಗೆ ವಾಲಿ, ಗುನುಗುವ ರಾಗಕ್ಕಿಂತ ವಾತಾವರಣ ಕಟ್ಟುವುದೇ ಹಲವರಿಗೆ ಮುಖ್ಯವಾಯಿತು. ಆಟಗಾರನ ಹೆಜ್ಜೆ ನೋಡಿ ನುಡಿಯುವ ಹಿಮ್ಮೇಳದ ಗುಣವೂ ಬೆಳೆಯಿತು ಎಂಬುದನ್ನು ಮರೆಯಬಾರದು: ಲ್ಯೂಕಾಸ್‌ಆರ್ಟ್ಸ್ ಕಂಪನಿಯ ಐಮ್ಯೂಸ್ ಎಂಬ ಸಂಗೀತ ವ್ಯವಸ್ಥೆ 1991ರಲ್ಲೇ ದೃಶ್ಯದಿಂದ ದೃಶ್ಯಕ್ಕೆ ರಾಗವನ್ನು ಹೊಲಿಗೆ ಕಾಣದಂತೆ ಜೋಡಿಸಿತು; 1998ರ ‘ಆಕರಿನಾ ಆಫ್ ಟೈಮ್’ನಲ್ಲಿ ಕೊಂಡೊ ಆಟಗಾರನ ಕೈಗೇ ಕೊಳಲು ಕೊಟ್ಟರು. ಹೊಸತು ಕೀಳಲ್ಲ. ಆದರೆ 2015ರ ‘ಅಂಡರ್‌ಟೇಲ್’ನಲ್ಲಿ ಟೋಬಿ ಫಾಕ್ಸ್ ಯಾವ ಒತ್ತಾಯವೂ ಇಲ್ಲದೆ ಚಿಪ್‌ನ ಸರಳ ದನಿಗೆ ಮರಳಿದಾಗ, ಫ್ಯಾಮಿಕಾಮ್ ಕಂಡೇ ಇಲ್ಲದ ಎಳೆಯರೂ ಅದಕ್ಕೆ ಮನಸೋತರು.

ನಮ್ಮ ಊರುಗಳಿಗೆ ತೊಂಬತ್ತರ ದಶಕದಲ್ಲಿ ಮಾರಿಯೋ, ಕಾಂಟ್ರಾ ಬಂದದ್ದು ಬಹುಪಾಲು ಫ್ಯಾಮಿಕಾಮ್‌ನ ಅಗ್ಗದ ತದ್ರೂಪಿಗಳಲ್ಲಿ, ಹತ್ತಾರು ಆಟ ತುಂಬಿದ ‘ಕ್ಯಾಸೆಟ್’ಗಳಲ್ಲಿ. ಫ್ಯಾಮಿಕಾಮ್ ಸಂಗೀತ ತನ್ನ ತಾಳವನ್ನು ಎಣಿಸುವುದು ಸಾಮಾನ್ಯವಾಗಿ ಪರದೆಯ ಮಿಡಿತದಿಂದ. ಜಪಾನಿನ ಟಿವಿ ಸೆಕೆಂಡಿಗೆ ಸುಮಾರು 60 ಸಲ ಮಿಡಿದರೆ, ಭಾರತದ ‘ಪಾಲ್’ ಪದ್ಧತಿಯ ಟಿವಿ 50 ಸಲ. ಪಾಲ್‌ಗೆಂದು ತಯಾರಾದ ತದ್ರೂಪಿಗಳಲ್ಲಿ ಶ್ರುತಿ ಹೆಚ್ಚುಕಡಿಮೆ ಹಾಗೇ ಉಳಿದು, ಲಯ ಆರರಲ್ಲೊಂದು ಪಾಲು ನಿಧಾನವಾಗುತ್ತಿತ್ತು. ಕೆಲವು ಚಿಪ್‌ಗಳಲ್ಲಿ ಪಲ್ಸ್ ದನಿಗಳ ನಾದವೂ ಅದಲುಬದಲಾಗಿತ್ತು. ಎಂದರೆ ಅಂಥ ಯಂತ್ರಗಳ ಮುಂದೆ ಬೆಳೆದವರ ನೆನಪಿನಲ್ಲಿರುವ ಮಾರಿಯೋ, ಕೊಂಡೊ ಬರೆದ ಮಾರಿಯೋಗಿಂತ ತುಸು ಸಾವಕಾಶದವನು. ಮೋಹ ಅಂಟಿಕೊಂಡಿರುವುದು ಆ ನಿಧಾನಕ್ಕೆ, ಆ ಬದಲಾದ ನಾದಕ್ಕೆ. ಅದು ಒಬ್ಬೊಬ್ಬರ ಬಾಲ್ಯದ ಸ್ವಂತ ಸೊತ್ತು. ಆದರೂ ಕ್ಯೋಟೊದಲ್ಲಿ ಬೆಳೆದವರೂ ಕಲಬುರಗಿಯಲ್ಲಿ ಬೆಳೆದವರೂ ಒಂದೆಡೆ ಕೂತು ಮಾರಿಯೋ ರಾಗವನ್ನು ಗುನುಗಿದರೆ ಒಂದೇ ರಾಗವೆಂದು ಗುರುತು ಸಿಗುತ್ತದೆ. ಲಯ ಕುಂಟಿದರೂ ನಾದ ಕೆಟ್ಟರೂ ಕೆಡದೆ ಉಳಿದ ಆ ಎಲುಬುಗೂಡು ಮಾತ್ರ ಸಂಗೀತಗಾರನದು.