ಟರ್ಮಿನಲ್ ಕಿತ್ತು ನೋಡೋ ಪರೀಕ್ಷೆ

ಬ್ಯಾಟರಿ ಪದೇ ಪದೇ ಇಳೀತಿದೆ ಅಂತ ಗ್ಯಾರೇಜಿಗೆ ಹೋದರೆ ಕೆಲವು ಹಳೇ ಕೈಗಳು ಇವತ್ತಿಗೂ ಒಂದು ಪರೀಕ್ಷೆ ಮಾಡ್ತಾರೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಒಂದು ಟರ್ಮಿನಲ್ ಕಿತ್ತುಬಿಡೋದು. ಎಂಜಿನ್ ನಿಂತರೆ ಚಾರ್ಜಿಂಗ್ ಇಲ್ಲ. ಓಡುತ್ತಲೇ ಇದ್ದರೆ ಚಾರ್ಜಿಂಗ್ ಸರಿ, ತಪ್ಪು ಬ್ಯಾಟರಿಯದು. ಇದನ್ನು ದಡ್ಡತನ ಅಂತ ನಗೋಕೆ ನನಗೆ ಮನಸ್ಸಿಲ್ಲ. ಇದು ಹುಟ್ಟಿದ ಕಾಲ ಬೇರೆ.

1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಸೆಲ್ಫ್ ಸ್ಟಾರ್ಟರ್ ಕೊಟ್ಟರು. ಹ್ಯಾಂಡಲ್ ತಿರುಗಿಸೋ ಕಷ್ಟ ತಪ್ಪಿತು, ಆದರೆ ಬ್ಯಾಟರಿ ತುಂಬಿಸೋ ಜವಾಬ್ದಾರಿ ಕಾರಿನ ತಲೆಗೇ ಬಿತ್ತು. ಆಮೇಲೆ ಸುಮಾರು ಐವತ್ತು ವರ್ಷ ಆ ಕೆಲಸ ಮಾಡಿದ್ದು ಡೈನಮೋ. ಅದರ ಜೊತೆ ಕಟ್‌ಔಟ್ ಅಂತ ಒಂದು ರಿಲೇ: ಡೈನಮೋ ನಿಧಾನವಾದಾಗ ಬ್ಯಾಟರಿಯ ಕರೆಂಟು ವಾಪಸ್ ಹರಿಯದಂತೆ ತಡೆಯೋ ಬಾಗಿಲು. ಆ ಬಾಗಿಲಿನ ಪಾಯಿಂಟ್ ಅಂಟಿಕೊಂಡರೆ ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಏಳುತ್ತಿರಲಿಲ್ಲ.

ನಮ್ಮ ಹಳೇ ಅಂಬಾಸಿಡರ್‌ಗಳಲ್ಲಿ ಇದ್ದದ್ದೂ ಡೈನಮೋನೇ. ಸಿಗ್ನಲ್ಲಿನಲ್ಲಿ ನಿಂತಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕುತ್ತಿತ್ತು. ಐಡಲಿಂಗ್‌ನಲ್ಲಿ ಡೈನಮೋಗೆ ಶಕ್ತಿ ಸಾಲದು, ಅದು ಸಹಜ. ಆಗಿನ ಡ್ರೈವರುಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಟರ್ಮಿನಲ್ ಕಿತ್ತರೂ ಬಲ್ಬು ಸುಡಬಹುದು ಅನ್ನೋದು ಬಿಟ್ಟರೆ ಆ ಕಾರಿನಲ್ಲಿ ಹಾಳಾಗೋಕೆ ಹೆಚ್ಚೇನೂ ಇರಲಿಲ್ಲ.

1960ರಲ್ಲಿ ಕ್ರೈಸ್ಲರ್ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿತು. ಅದು ಹುಟ್ಟಿಸೋದು ಎಸಿ ಕರೆಂಟು. ಅದನ್ನು ಡಿಸಿ ಮಾಡೋ ಪುಟಾಣಿ ಸಿಲಿಕಾನ್ ಡಯೋಡುಗಳು ಅಷ್ಟೊತ್ತಿಗೆ ಬಂದಿದ್ದವು. ಐಡಲಿಂಗ್‌ನಲ್ಲೂ ಚಾರ್ಜು, ಕಟ್‌ಔಟ್ ಬೇಕಿಲ್ಲ. ಆದರೆ ಡಯೋಡಿಗೆ ವೋಲ್ಟೇಜ್ ಏರಿದರೆ ಆಗಿಬರೋದಿಲ್ಲ. ಓಡುವ ಕಾರಿನಲ್ಲಿ ಬ್ಯಾಟರಿ ಒಂಥರಾ ಮೆತ್ತೆ. ಅದನ್ನು ತಟ್ಟನೆ ಎಳೆದರೆ ವೋಲ್ಟೇಜ್ ಕ್ಷಣಾರ್ಧದಲ್ಲಿ ಹತ್ತಾರು ವೋಲ್ಟ್ ಮೇಲಕ್ಕೆ ಜಿಗಿಯಬಹುದು. ಡಯೋಡು ಹೋಗುತ್ತೆ, ಗ್ರಹಚಾರ ಕೆಟ್ಟರೆ ಇಸಿಯುನೂ ಹೋಗುತ್ತೆ. ಯಂತ್ರ ಬದಲಾಯ್ತು, ಕೈಯ ಅಭ್ಯಾಸ ಹಾಗೇ ಉಳೀತು.

ದೀಪದ ಅರ್ಥವೂ ಬದಲಾಯ್ತು. ಹಲವು ಆಲ್ಟರ್ನೇಟರ್‌ಗಳಲ್ಲಿ ಆ ದೀಪದ ಮೂಲಕ ಹರಿಯೋ ಸಣ್ಣ ಕರೆಂಟೇ ಒಳಗಿನ ಅಯಸ್ಕಾಂತವನ್ನು ಎಬ್ಬಿಸೋದು. ನನ್ನ ಹಳೇ ಹ್ಯಾಚ್‌ಬ್ಯಾಕ್ ಕೈಕೊಟ್ಟಾಗ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಟರ್ಮಿನಲ್ಲಿಗೆ ಕೈ ಹಾಕಿದರು. ‘ಬೇಡಣ್ಣ, ಮೊದಲು ಮೀಟರ್ ಇಡಿ’ ಅಂದೆ. ಸ್ಟಾರ್ಟ್ ಮಾಡಿದ ಮೇಲೂ 12.3 ವೋಲ್ಟ್. ಜೋರಾಗಿ ಆಕ್ಸಿಲರೇಟರ್ ಒತ್ತಿದರೆ 14.2ಕ್ಕೆ ಏರಿ ಅಲ್ಲೇ ನಿಂತಿತು. ಆಲ್ಟರ್ನೇಟರ್ ಬದುಕಿದೆ, ಎಬ್ಬಿಸೋರಿಲ್ಲ. ಕೀ ಆನ್ ಮಾಡಿದರೆ ಕೆಂಪು ದೀಪ ಹತ್ತಲೇ ಇಲ್ಲ: ಬಲ್ಬು ಸುಟ್ಟಿತ್ತು. ‘ಇಷ್ಟಕ್ಕೇನಾ ಸಾರ್!’ ಅಂತ ಅವರು ನಕ್ಕರು. ಹಳೇ ಪರೀಕ್ಷೆ ಆ ದಿನ ಆಲ್ಟರ್ನೇಟರನ್ನೇ ಸತ್ತಿದೆ ಅಂತ ಘೋಷಿಸಿಬಿಡುತ್ತಿತ್ತು.

ಈಗ ಮೀಟರಿನ ಕಾಲವೂ ಜಾರುತ್ತಿದೆ. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು ಅನ್ನೋದು ನಮಗೆಲ್ಲ ಬಾಯಿಪಾಠ. ಆದರೆ ಹಲವು ಹೊಸ ಕಾರುಗಳಲ್ಲಿ ಪೆಟ್ರೋಲ್ ಉಳಿಸೋಕೆ ಕಂಪ್ಯೂಟರೇ ಚಾರ್ಜಿಂಗ್ ವೋಲ್ಟೇಜ್ ಇಳಿಸುತ್ತೆ. ಅಲ್ಲಿ 12.6 ಕಂಡ ಕೂಡಲೇ ಆಲ್ಟರ್ನೇಟರ್ ಬಿಚ್ಚೋ ಮೊದಲು ಸ್ಕ್ಯಾನರ್ ಹಾಕಿ, ಕಂಪ್ಯೂಟರ್ ಎಷ್ಟು ವೋಲ್ಟ್ ಕೇಳಿದೆ ಅಂತ ನೋಡಬೇಕು.